ಜೂನ್ ಒಂದರಂದು ಹುಟ್ಟಿದವರು

ಬೆಳಗಿನ ನಾಲ್ಕಕ್ಕೆದ್ದು ಖಾನಾವಳಿಗೆ ನೂರು ರೊಟ್ಟಿ ಬಡಿದು, ಇಬ್ಬರು ಮಕ್ಕಳನ್ನು ಸಾಲೆಗೆ ಅಟ್ಟಿ, ಹತ್ತಕ್ಕೆ ಮಾಳಮಡ್ಡಿಯ ಕಣ್ಣಿನ ದವಾಖಾನೆಯ ಕುರ್ಚಿಯಲ್ಲಿ ಕೂತಳೆಂದರೆ ಸೌಮ್ಯಾಳಿಗೆ ಎಚ್ಚರ ಯಾವುದು, ಜೋಂಪು ಯಾವುದು ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲಿನ ಸಾಲುಗಳು ಹರಗಿದ ಹೊಲದ ಸಾಲುಗಳಂತೆ ದೂರ ದೂರ ಹೋಗಿ ಮಬ್ಬಿನಲ್ಲಿ ಕರಗುತ್ತಿದ್ದವು.

ಕೆಲಸಕ್ಕೆ ಸೇರಿ ಮೂರು ವಾರ. ರಿಜಿಸ್ಟರಿನಲ್ಲಿದ್ದ ಪೇಶಂಟರ ಹೆಸರುಗಳನ್ನು ಊರಿಗೊಂದು ಪಟ್ಟಿಯಾಗಿ ಡೇಟಾಬೇಸಿಗೆ ಏರಿಸಬೇಕು. ಡೇಟಾಬೇಸು ಕಟ್ಟಿದವಳೂ ಅವಳೇ, ಸಂಜೆಯ ಕಂಪ್ಯೂಟರ್ ಕ್ಲಾಸಿನ ಜೋಯಾ ಮೇಡಂ ಕಲಿಸಿದಷ್ಟನ್ನು ನೆನಪಿಟ್ಟುಕೊಂಡು. ಒಬ್ಬರ ದಾಖಲೆ ಇನ್ನೊಬ್ಬರದರೊಳಗೆ ಬೆರೆಯದ ಹಾಗೆ ಒಂದು ಕೀಲಿ ಇಡಬೇಕು ಎಂದಿದ್ದರು ಮೇಡಂ. ಇವಳು ಹೆಸರು, ಊರು, ಹುಟ್ಟಿದ ತಾರೀಖು ಮೂರನ್ನೂ ಕೂಡಿಸಿ ಕೀಲಿ ಮಾಡಿದ್ದಳು. ಮೂರೂ ಒಂದೇ ಇರುವ ಇಬ್ಬರು ಈ ಭೂಮಿಯ ಮೇಲೆ ಎಲ್ಲಿದ್ದಾರು?

ಆವತ್ತು ಮುಗದ ಎಂಬ ಹಳ್ಳಿಯ ಪಟ್ಟಿ. ಮೂರು ಗಂಟೆಗೆ ವ್ಯಾನು ಹೊರಟು, ಪಟ್ಟಿಯಲ್ಲಿದ್ದವರನ್ನು ಕರೆತಂದು, ಮರುದಿನ ಪೊರೆ ತೆಗೆಸಲು ಸತ್ತೂರಿನ ದೊಡ್ಡ ದವಾಖಾನೆಗೆ ಒಯ್ಯುವುದಿತ್ತು. ಮುಂದಿನ ಕ್ಯಾಂಪು ದೀಪಾವಳಿ ಆದ ಮೇಲೆಯೇ.

ಮಧ್ಯಾಹ್ನ ಮೆಂತ್ಯದ ಸೊಪ್ಪು ಮಾರಿ ಮುಗಿಸಿದ ಖಾಲಿ ಬುಟ್ಟಿಯೊಂದಿಗೆ ಒಬ್ಬ ಹೆಂಗಸು ಬಂದು ನಿಂತಳು. ಹೆಸರು ಗೌರಕ್ಕ.

"ಅಕ್ಕಾರ, ಮುಗದದ ಮುರುಗೆಪ್ಪಂದು ಹೆಸರು ಹಚ್ಚೀರೇನ್ರಿ? ನಮ್ಮ ಯಜಮಾನ್ರು. ಮೊನ್ನೆ ಕಪ್ಪಿನ್ಯಾಗಿನ ಚಾ ಬಸಿಗೆ ಹಾಕೋರು ತೊಡಿ ಮ್ಯಾಲೆ ಸುರಕೊಂಡ್ರು. ಮ್ಯಾಲೆ ತಾವ ನಗತಾರ!"

ಸೌಮ್ಯಾ ಹುಡುಕಿದಳು. "ಐತಿ ಬಿಡಬೇ. ಮುರುಗೆಪ್ಪ, ಮುಗದ, ಬಲಗಣ್ಣು."

"ಬಲಗಣ್ಣಾ? ಅಯ್ಯ ನನ್ನವ್ವಾ! ನಮ್ಮವರದು ಎಡಗಣ್ರಿ. ಬಲಗಣ್ಣು ಕೆರಿ ಓಣಿ ಮುರುಗೆಪ್ಪಂದು."

ಸೌಮ್ಯಾಳ ಜೋಂಪು ಹಾರಿತು. ರಿಜಿಸ್ಟರು ತೆಗೆದಳು. ಇಬ್ಬರೂ ಇದ್ದರು, ಒಬ್ಬರ ಕೆಳಗೊಬ್ಬರು, ಒಂದೇ ಅಡ್ಡಹೆಸರಿನವರು. ಮುಂಜಾನೆ ಎರಡನೆಯ ಮುರುಗೆಪ್ಪನನ್ನು ಏರಿಸುವಾಗ ಮಷೀನು ಟಣ್ಣೆಂದು ಪರದೆಯ ಮೇಲೆ ಒಂದು ಸೂಚನೆಯ ಡಬ್ಬಿ ತೋರಿಸಿತ್ತು: ಈ ದಾಖಲೆ ಆಗಲೇ ಇದೆ, ಇನ್ನೊಮ್ಮೆ ಉಳಿಸಲಾಗದು. ನಿದ್ದೆಗಣ್ಣಲ್ಲಿ ತಾನೇ ಎರಡು ಸಲ ಬಡಿದೆನೆಂದುಕೊಂಡು ರದ್ದು ಮಾಡಿದ್ದಳು. ಒಬ್ಬ ಮನುಷ್ಯ ಸದ್ದಿಲ್ಲದೆ ಅಳಿಸಿಹೋಗಿದ್ದ.

ಮತ್ತೆ ಬಡಿದಳು. ಮತ್ತೆ ಟಣ್. ತಾರೀಖು ನೋಡಿದರೆ ಇಬ್ಬರದೂ ಜೂನ್ ಒಂದು, ಸಾವಿರದ ಒಂಬೈನೂರ ಐವತ್ತೇಳು.

"ಯವ್ವಾ, ಇಬ್ಬರೂ ಒಂದ ದಿನ ಹುಟ್ಯಾರೇನು?"

"ಹುಟ್ಟಿದ್ದ ಯಾರಿಗೆ ಗೊತ್ರಿ? ಭತ್ತ ಕೊಯ್ಯೂ ಮುಂದ ಹುಟ್ಟಿದಾ ಅಂತಿದ್ಲು ನಮ್ಮತ್ತಿ. ಸಾಲಿಗೆ ಹಚ್ಚೂ ಮುಂದ ಮಾಸ್ತರು ಎಲ್ಲಾರಿಗೂ ಜೂನ್ ಒಂದ ಬರದ್ರು. ಸಾಲಿ ಚಾಲೂ ಆಗೂ ದಿನಾ ನೋಡ್ರಿ."

ಸೌಮ್ಯಾ ಪಟ್ಟಿಯನ್ನು ಕೆಳಗೆ ಸರಿಸಿದಳು. ಜೂನ್ ಒಂದು, ಜೂನ್ ಒಂದು, ಜೂನ್ ಒಂದು. ನೋಡುನೋಡುತ್ತ ಪರದೆ ತೆಳುವಾಗಿ ಒಂದು ಮುಂಜಾವು ತೆರೆದುಕೊಂಡಿತು. ಮುಗದದ ಮನೆಮನೆಯಲ್ಲಿ ತೊಟ್ಟಿಲು. ಎಲ್ಲವೂ ಒಟ್ಟಿಗೆ ತೂಗುತ್ತಿವೆ. ಒಳಗೆ ಬಿಳಿ ಮೀಸೆಯ ಕೂಸುಗಳು, ಮಂಜಾದ ಕಣ್ಣುಗಳಿಂದ ಜಂತಿ ನೋಡುತ್ತ ಮಲಗಿವೆ. ಟೋಪಿಯ ಮಾಸ್ತರರೊಬ್ಬರು ಮಸಿಕುಡಿಕೆ ಹಿಡಿದು ಓಣಿಯುದ್ದಕ್ಕೂ ಬರುತ್ತಿದ್ದಾರೆ, ಬಾಗಿಲು ಬಾಗಿಲಿಗೂ ನಿಂತು ಹುಟ್ಟನ್ನು ಹಂಚುತ್ತಿದ್ದಾರೆ...

"ಜೂನ್ ಎರಡು ಬರದ ಬಿಡ್ರಿ, ಸೌಮ್ಯಾ ಅವರ." ಮ್ಯಾನೇಜರ್ ದತ್ತು ಕಾಕಾ ಹಿಂದೆ ನಿಂತಿದ್ದರು. "ಮುರುಗೆಪ್ಪ ಒಂದ ದಿನ ಸಣ್ಣಾವ ಆದ್ರ ಏನ ಹೋಗ್ತದ?"

"ಸತ್ತೂರಾಗ ಆಧಾರ ಕಾರ್ಡ ನೋಡ್ತಾರ ಕಾಕಾ. ತಾರೀಖ ಕೂಡಲಿಲ್ಲಂದ್ರ ಬಾಗಲದಿಂದನ ವಾಪಸ್."

"ಹಂಗಾದ್ರ ಮುಂದಿನ ಕ್ಯಾಂಪಿಗೆ ಇಡ್ರಿ. ಎರಡೂವರಿ ಆಗ್ಲಿಕ್ಕೆ ಬಂತು."

"ದೀಪಾವಳಿತನಾ ಇನ್ನೆಷ್ಟ ಚಾ ಸುರಕೋಬೇಕ್ರಿ ಅವರು?" ಎಂದಳು ಗೌರಕ್ಕ.

ತಪ್ಪು ಮುರುಗೆಪ್ಪನದಲ್ಲ, ಮಷೀನಿನದೂ ಅಲ್ಲ, ತನ್ನ ಕೀಲಿಯದು. ಸೌಮ್ಯಾ ಮೊದಲು ಇಡೀ ಫೈಲಿನ ಕಾಪಿ ತೆಗೆದಿಟ್ಟಳು. ಆಮೇಲೆ ಪಟ್ಟಿಯ ಕಟ್ಟೋಣವನ್ನೇ ಬಿಚ್ಚಿದಳು. ಹೆಸರು, ಊರು, ತಾರೀಖಿನ ಪಕ್ಕದ ಪುಟ್ಟ ಕೀಲಿಯ ಗುರುತು ತೆಗೆದು, ಹೊಸದೊಂದು ಕಾಲಂ ಕೂಡಿಸಿ, ಮಷೀನು ತಾನಾಗಿಯೇ ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಡುವಂತೆ ಮಾಡಿ, ಕೀಲಿಯನ್ನು ಅಲ್ಲಿಗೆ ಸರಿಸಿದಳು. ಮತ್ತೊಮ್ಮೆ ಬಡಿದಳು: ಮುರುಗೆಪ್ಪ, ಮುಗದ, ಜೂನ್ ಒಂದು, ಎಡಗಣ್ಣು.

ಟಣ್ ಅನ್ನಲಿಲ್ಲ. ನಲವತ್ತನೆಯ ನಂಬರು ಹೊತ್ತು ಮುರುಗೆಪ್ಪ ಪಟ್ಟಿಯಲ್ಲಿ ಸುಮ್ಮನೆ ಕೂತ.

ರಿಜಿಸ್ಟರಿನಲ್ಲಿ ಮುಗದದವರು ನಲವತ್ಮೂರು ಜನ. ಹಾಗಾದರೆ ಇನ್ನೂ ಮೂವರನ್ನು ಅಳಿಸಿದ್ದೇನೆ! ಗೌರಕ್ಕ ಬುಟ್ಟಿ ಕೆಳಗಿಟ್ಟು ಪಕ್ಕದಲ್ಲಿ ಕೂತು, ಯಾವ ಓಣಿಯ ಯಾವ ನಾಗರತ್ನಾ, ಯಾವ ಗುರುಬಸವ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಮೂವರೂ ಒಬ್ಬೊಬ್ಬರಾಗಿ ಪರದೆಗೆ ಬಂದರು.

ಪ್ರಿಂಟು ಹೊರಬಿದ್ದಾಗ ವ್ಯಾನಿನ ಡ್ರೈವರ್ ಯಮನಪ್ಪ ಬಾಗಿಲಲ್ಲಿದ್ದ. ಬಿಸಿ ಕಾಗದ ಇಸಕೊಂಡು ಓದಿದ. "ಅಕ್ಕಾರ, ಮುರುಗೆಪ್ಪ ಎರಡ ಸಲ ಬಿದ್ದಾನಲ್ರಿ. ಒಂದ ಹೊಡದ ಹಾಕ್ಲೇನು?" ಎನ್ನುತ್ತಲೇ ಪೆನ್ನಿನ ಟೊಪ್ಪಿಗೆ ತೆಗೆದ.

"ಪೆನ್ನ ಕಿಸೇದಾಗ ಇಡಪಾ ಯಮನಪ್ಪಾ!" ಸೌಮ್ಯಾ ಎದ್ದೇಬಿಟ್ಟಳು. "ಇಬ್ಬರೂ ಬ್ಯಾರೆ ಬ್ಯಾರೆ. ಇಬ್ಬರನ್ನೂ ಕರಕೊಂಡ ಬಾ."

"ಹಂಗಾದ್ರ ಯಾವ ಮನಿ ಯಾರದು, ಹೆಂಗ ಗೊತ್ತಾಗಬೇಕ್ರಿ ನನಗ?"

ಉತ್ತರ ಅಂಗಳದಿಂದ ಬಂತು. ಗೌರಕ್ಕ ಆಗಲೇ ವ್ಯಾನಿನ ಮುಂದಿನ ಸೀಟು ಹಿಡಿದು ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ನಾ ತೋರಸ್ತೇನಿ, ಲಗೂ ಬಾರೋ ತಮ್ಮಾ. ಮೊದಲ ನಮ್ಮ ಮನಿ!"