ಎಡಗಡೆಯ ಖಾಲಿ ಜಾಗ

ಡೂಗಲ್ ಲೆನಿ ಊರಿಗೆ ಬಂದು ವಾರವಾಗಿತ್ತು. ಅವನ ಅಮೆರಿಕದ ಕೋಟು ನೋಡಲು ಊರಿಗೆ ಊರೇ ಬಂದು ಹೋಯಿತು. ವಾಟಿ ಕೇರ್ನ್ಸ್ ಮಾತ್ರ ಬರಲಿಲ್ಲ. ಡೂಗಲ್ ಈ ಮುದಿವಯಸ್ಸಿನಲ್ಲಿ ಹಡಗು ಹತ್ತಿದ್ದೇ ಅವನಿಗಾಗಿ. ನಾಳೆ ಹೊರಟರೆ ಮತ್ತೆ ಬರುವುದು ಸುಳ್ಳು.

ಒಂದು ಕಾಲಕ್ಕೆ ಲೆವನ್ ನದಿಯ ದಂಡೆಯಲ್ಲಿ ಆ ಇಬ್ಬರ ಹೆಸರನ್ನು ಬೇರೆ ಬೇರೆಯಾಗಿ ಹೇಳುವವರೇ ಇರಲಿಲ್ಲ. ಹಗಲೆಲ್ಲ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆ ಅದ್ದಿ, ಕೆಂಪುಗೈಯಲ್ಲೇ ಫುಟ್‌ಬಾಲ್ ಮೈದಾನಕ್ಕೆ ಇಳಿಯುತ್ತಿದ್ದರು. ಮೈದಾನದ ಎಡಗಡೆ ಅವರದೇ ರಾಜ್ಯ. ವಾಟಿ ತಲೆ ಎತ್ತದೆ ಚೆಂಡನ್ನು ಗೆರೆಯ ಕಡೆಗೆ ತಳ್ಳುವನು. ಅಲ್ಲಿ ಡೂಗಲ್ ಇರುವನು. ಇದ್ದಾನೋ ಇಲ್ಲವೋ ಎಂದು ನೋಡುವುದೇ ವಾಟಿಗೆ ಅವಮಾನ. ಎಂಥ ದಿನಗಳು ಅವು!

ಆಗ ಸ್ಕಾಟ್ಲೆಂಡಿನಲ್ಲಿ ಸಂಬಳಕ್ಕೆ ಆಡುವಂತಿರಲಿಲ್ಲ. ಆಟಗಾರರನ್ನು ಹಾರಿಸಿಕೊಂಡು ಹೋಗಲು ಇಂಗ್ಲೆಂಡಿನ ದಲ್ಲಾಳಿ ಬಂದರೆ ಊರವರು ಹಿಡಿದು ನದಿಗೆ ಎಸೆಯುತ್ತಿದ್ದರು. ಅಂಥವನೊಬ್ಬನ ಕಾಲು ಹಿಡಿದು ಎಸೆದವರಲ್ಲಿ ಡೂಗಲ್ ಕೂಡ ಇದ್ದ. ಅದೇ ಮನುಷ್ಯ ಒದ್ದೆ ಬಟ್ಟೆಯಲ್ಲೇ ರಾತ್ರಿ ಡೂಗಲ್‌ನ ಹಿತ್ತಿಲ ಬಾಗಿಲಿಗೆ ಬಂದು ಸಂಬಳದ ಮಾತಾಡಿದ. ಬೆಳಗಾದರೆ ಡೂಗಲ್ ಅವನ ಜೊತೆ ರೈಲಿನಲ್ಲಿದ್ದ. ಶನಿವಾರ ಕಪ್ ಪಂದ್ಯವಿತ್ತು. ವಾಟಿಗೆ ಹೇಳಲು ನಾಲಿಗೆಯೇ ಏಳಲಿಲ್ಲ.

ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಮಂಡಿ ಸವೆಯುವವರೆಗೂ ಆಡಿದ. ಕ್ಲಬ್ಬು ಕೈಬಿಟ್ಟ ಮೇಲೆ, ಚೆಂಡಾಡಬಲ್ಲ ಕೆಲಸಗಾರರು ಬೇಕೆಂದು ಅಮೆರಿಕದ ಫಾಲ್ ರಿವರ್‌ನ ಗಿರಣಿಯೊಂದು ಕರೆಯಿತು, ಸಮುದ್ರ ದಾಟಿದ. ಅಲ್ಲಿ ಚಪ್ಪಾಳೆಗೇನೂ ಬರವಿರಲಿಲ್ಲ. ಆದರೆ ಚೆಂಡು ಕೊಡುವ ಮೊದಲು ಎಲ್ಲರೂ ತಲೆ ಎತ್ತಿ ಅವನನ್ನು ಹುಡುಕುತ್ತಿದ್ದರು. ಅದು ಕೊನೆಯವರೆಗೂ ಅವನಿಗೆ ಸೇರಲಿಲ್ಲ.

ವಾರವೆಲ್ಲ ಕಾದು, ಕಡೆಗೆ ಡೂಗಲ್ ತಾನೇ ವಾಟಿಯ ಮನೆ ಬಾಗಿಲು ತಟ್ಟಿದ. ತೆರೆದವಳು ವಾಟಿಯ ಹೆಂಡತಿ ನೆಟಾ.

"ಈಗ ದಾರಿ ಗೊತ್ತಾಯ್ತೇನಪ್ಪ? ಬಯಲಲ್ಲಿ ಕೂತಿದ್ದಾನೆ, ಹೋಗು. ಬೈದ್ರೆ ಸುಮ್ನೆ ಬೈಸ್ಕೋ."

ಬಯಲಿನಲ್ಲಿ ಕಾರ್ಖಾನೆಯವರು ಮಧ್ಯಾಹ್ನದ ಬಿಡುವಿನಲ್ಲಿ ಚೆಂಡಾಡುತ್ತಿದ್ದರು. ಡೂಗಲ್ ಹೋಗಿ ವಾಟಿ ಕೂತಿದ್ದ ಬೆಂಚಿನ ತುದಿಯಲ್ಲಿ ಕುಳಿತ.

"ಮಂಡಿ ಹೇಗಿದೆ?" ಎಂದ ವಾಟಿ, ಇತ್ತ ತಿರುಗದೆ.

"ಮಳೆ ಬರೋದನ್ನ ಮೊದಲೇ ಹೇಳುತ್ತೆ."

"ಹಾಗಾದ್ರೆ ಈ ಊರಲ್ಲಿ ಅದಕ್ಕೆ ಪುರುಸೊತ್ತೇ ಇರಲ್ಲ."

"ವಾಟಿ, ಆವತ್ತು ದುಡ್ಡಿನಾಸೆಗೆ ನಾನು..."

"ದುಡ್ಡಿನ ಮಾತು ಯಾರೋ ಎತ್ತಿದ್ದು? ನನ್ನ ಕರೆದಿದ್ರೆ ನಾನೂ ಹೋಗ್ತಿದ್ದೆ. ಆ ಶನಿವಾರ ನಾನು ಚೆಂಡು ಕೊಟ್ಟೆ ಕಣೋ. ನೀನಿಲ್ಲ ಅಂತ ಗೊತ್ತು, ಆದ್ರೂ ಕಾಲು ಮಾತು ಕೇಳಲಿಲ್ಲ. ನಿನ್ನ ಜಾಗಕ್ಕೆ ಬಂದಿದ್ದೋನು ಎಲ್ಲೋ ಇದ್ದ. ಮತ್ತೆ ಮತ್ತೆ ಖಾಲಿ ಹುಲ್ಲಿಗೆ ಕೊಟ್ಟೆ. ಜನ ಬಿದ್ದು ಬಿದ್ದು ನಕ್ಕರು."

ಎಷ್ಟೋ ವರ್ಷಗಳಿಂದ ಎಲ್ಲ ಬೈಗುಳಕ್ಕೂ ಉತ್ತರ ಹೊಂದಿಸಿಟ್ಟುಕೊಂಡಿದ್ದ ಡೂಗಲ್ ಬಯಲಿನ ಎಡತುದಿಯ ಗೆರೆಯತ್ತ ನೋಡಿದ.

ಅಷ್ಟರಲ್ಲಿ ಆಟದವರ ಚೆಂಡು ಉರುಳುತ್ತ ವಾಟಿಯ ಕಾಲ ಬಳಿ ಬಂತು. ವಾಟಿ ಎದ್ದ. ತಲೆ ಎತ್ತಲಿಲ್ಲ. ಚೆಂಡನ್ನು ಎಡಕ್ಕೆ, ಖಾಲಿ ಹುಲ್ಲಿಗೆ ತಳ್ಳಿದ.

ಡೂಗಲ್ ಓಡಿದ. ಟೋಪಿ ಹಾರಿತು, ಮಂಡಿ ಕಿರ್ರೆಂದಿತು. ಚೆಂಡು ಅವನಿಗಿಂತ ಒಂದು ಮಾರು ಮುಂದೆಯೇ ಗೆರೆ ದಾಟಿ ಮುಳ್ಳುಪೊದೆ ಸೇರಿತು. ಆಟದವರು ಗೊಳ್ಳೆಂದು ನಕ್ಕರು.

"ಸಿಗ್ಲಿಲ್ಲ ಕಣೋ," ಎಂದ ಡೂಗಲ್ ಏದುಸಿರು ಬಿಡುತ್ತ.

ವಾಟಿ ಟೋಪಿ ಎತ್ತಿ, ಧೂಳು ಕೊಡವಿ, ಮೊದಲ ಸಲ ಅವನ ಮುಖ ನೋಡಿದ.

"ಸಿಗದಿದ್ರೆ ಹೋಗ್ಲಿ ಬಿಡು. ಇದ್ದೆಯಲ್ಲ."