ಬೋರಲು ಹಾಸಿದ ಬ್ಯಾನರು

ನಾನು ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಫ್ಲೆಕ್ಸ್ ಬ್ಯಾನರು. ಗದಗಿನ ಒಂದು ಅಂಗಡಿಯ ಯಂತ್ರದಿಂದ ಬಣ್ಣದ ವಾಸನೆ ಹೊತ್ತು ಹೊರಬಿದ್ದೆ. ಮೇಲೆ ಒಂದು ತಲೆಬುರುಡೆ, ‘ವ್ಯಸನಕ್ಕೆ ವಿದಾಯ, ಬದುಕಿಗೆ ಸ್ವಾಗತ’ ಎಂಬ ಸಾಲು, ಅದರ ಕೆಳಗೆ ಆ ಸಾಲಿಗಿಂತ ದೊಡ್ಡದಾಗಿ ದಾನಿಗಳ ಮುಖಗಳು. ಶಾಲೆಯವರು ನಡೆಸಿದ ವ್ಯಸನಮುಕ್ತಿ ಜಾಥಾದ ಮಕ್ಕಳಿಗೆ ಮಜ್ಜಿಗೆ ಕೊಟ್ಟ ಕಿರಾಣಿ ಅಂಗಡಿಯ ಚನ್ನವೀರಪ್ಪನವರದು ಮೂರನೆಯ ಮುಖ. ಫೋಟೋದಲ್ಲಿ ಚೆನ್ನಾಗಿ ನಗುತ್ತಿದ್ದರು. ಅವರು ಹಾಗೆ ನಗುವುದನ್ನು ಆಮೇಲೆ ನಾನು ಕಾಣಲಿಲ್ಲ.

ಜಾಥಾದಲ್ಲಿ ನನ್ನ ಒಂದು ತುದಿ ಹಿಡಿದವನು ಅವರ ಮಗ ಈರೇಶ. ಆಗ ಹತ್ತನೆಯ ತರಗತಿ. ಗಂಟಲು ಹರಿಯುವಂತೆ ಘೋಷಣೆ ಕೂಗಿದ. ಅದರ ಅರ್ಥ ಅವನಿಗೂ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಎಲ್ಲ ಮುಗಿದ ಮೇಲೆ, ತಮ್ಮ ಫೋಟೋ ಇದೆಯಲ್ಲ ಎಂದು ಚನ್ನವೀರಪ್ಪನವರು ನನ್ನನ್ನು ಮನೆಗೆ ಒಯ್ದರು.

ಬೇಸಿಗೆಯವರೆಗೆ ಅಟ್ಟದಲ್ಲಿ ಸುತ್ತಿಕೊಂಡು ಮಲಗಿದ್ದೆ. ಆಮೇಲೆ ಈರೇಶನ ತಾಯಿ ಶಾಂತವ್ವ ನನ್ನನ್ನು ಮಾಳಿಗೆಯ ಮೇಲೆ ಹಾಸಿ ಸಂಡಿಗೆ ಇಟ್ಟಳು. ಅಚ್ಚಿನ ಬಣ್ಣ ಸಂಡಿಗೆಗೆ ಹತ್ತಬಾರದೆಂದು ಬೋರಲು ಹಾಸಿದಳು. ಬುರುಡೆ, ಘೋಷಣೆ, ಯಜಮಾನರ ನಗು ಎಲ್ಲವೂ ನೆಲ ಕಚ್ಚಿದವು.

ಪರೀಕ್ಷೆ ಮುಗಿಸಿದ ಈರೇಶನಿಗೆ ಕಾಗೆ ಓಡಿಸುವ ಕೆಲಸ. ಒಂದು ಮಧ್ಯಾಹ್ನ ಕೋಲು ಹಿಡಿದು ನನ್ನ ಅಂಚಿನಲ್ಲಿ ಕುಳಿತವನು, ಯಾರೋ ಎದುರಿಗಿದ್ದಂತೆ ಪಿಸುಗುಟ್ಟಿದ. “ಅಪ್ಪಾ, ಮೈದಾನದಾಗ ಒಬ್ಬಾಂವ ಗುಳಿಗಿ ಕೊಟ್ಟಾನ. ನಾ ಇನ್ನಾ ನುಂಗಿಲ್ಲ. ಬ್ಯಾಡ ಅಂದ್ರ ಎಲ್ಲಾರೂ ನನ್ನ ಕೂಡ ಮಾತು ಬಿಡ್ತಾರ. ಏನ್ ಮಾಡ್ಲಿ?” ಇಷ್ಟನ್ನೇ ತಿರುತಿರುಗಿ ಹೇಳಿ ರೂಢಿ ಮಾಡಿಕೊಂಡ.

ಸಂಜೆ ಸಂಡಿಗೆ ಎತ್ತಲು ತಾಯಿ ಬಂದಳು. ಅಂಗಡಿಯಿಂದ ಬಂದ ತಂದೆಯೂ ಗಾಳಿಗೆಂದು ಮೇಲೆ ಬಂದರು. “ಅಪ್ಪಾ, ಈ ನಶೆ ಗುಳಿಗಿ ಅಂತಾರಲ್ಲ...” ಎಂದು ಈರೇಶ ಬಾಯಿ ತೆಗೆದ.

“ದೀಪ ಹಚ್ಚೋ ಹೊತ್ತು! ಅಸ್ತು ಅನ್ನೋ ದೇವತಿ ಅಡ್ಡಾಡ್ತಿರ್ತಾವ. ಅಂಥಾ ಹೆಸರ ತಗೀಬ್ಯಾಡ” ಎಂದು ಶಾಂತವ್ವ ತಡೆದಳು. ಮುಸ್ಸಂಜೆಯಲ್ಲಿ ಕೆಟ್ಟದ್ದರ ಹೆಸರು ಎತ್ತಿದರೆ ಅದು ನಿಜವಾಗಿಬಿಡುತ್ತದೆಂದು ಅವಳ ಭಯ.

ಚನ್ನವೀರಪ್ಪನವರ ಸಿಟ್ಟು ಬೇರೆ. “ನಮ್ಮ ಮನಿತನದಾಗ ಇಂಥಾ ಮಾತ ಬಂದಿಲ್ಲ. ಅದರ ಸುದ್ದಿ ನಿನಗ್ಯಾಕ ಬೇಕು? ಮೈ ಸುಲೀತೇನಿ ನೋಡು!”

“ಏನಿಲ್ಲ ಬಿಡ್ರಿ” ಎಂದು ಈರೇಶ ಸಂಡಿಗೆ ಆಯತೊಡಗಿದ.

ಮರುದಿನ ಮಾಳಿಗೆಯ ಮೇಲಿನ ನೀರಿನ ಟಾಕಿಯ ಹಿಂದೆ ನಿಂತು ಗುಳಿಗೆ ನುಂಗಿದ. ಆಮೇಲೆ ನುಂಗುತ್ತಲೇ ಹೋದ. ಕಾಲೇಜು ಸೇರಿದ ಮೇಲೆ ಅಲ್ಲಿಯೂ ವ್ಯಸನದ ಕುರಿತು ಭಾಷಣ ಆಯಿತಂತೆ. ಮಾಳಿಗೆಗೆ ಬಂದು ಗೆಳೆಯನಿಗೆ ಹೇಳಿ ನಕ್ಕ. “ಎಲ್ಲಾ ಜಾಥಾದ ಮಾತು. ಮನ್ಯಾಗ ಯಾರೂ ಹಂಗ ಮಾತಾಡಂಗಿಲ್ಲ.”

ದಸರೆಯ ಹೊತ್ತಿಗೆ ಮಾಳಿಗೆಯ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದ. ನಾಲ್ಕು ಮಂದಿ ಎತ್ತಿಕೊಂಡು ಹೋದರು. ಆರು ವಾರ ಆಸ್ಪತ್ರೆ. ಓಣಿಯವರಿಗೆ ಶಾಂತವ್ವ ಕಾಮಾಲೆ ಎಂದು ಹೇಳಿದಳು. ಅವರು ಪಾಪ, ಪಥ್ಯದ ಅಡುಗೆ ಮಾಡಿ ಕಳಿಸಿದರು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಬಿಸಿಲಿಗೆ ಒಣಗಿ ಮರಗಟ್ಟಿದ್ದೆ.

ಮನೆಯಲ್ಲಿ ನನ್ನ ಮುಖ ನೋಡಲಾರದೆ ಚನ್ನವೀರಪ್ಪನವರು ನನ್ನನ್ನು ಅಂಗಡಿಯೆದುರಿನ ಚಹಾದ ಮಾಬುಸಾಬನಿಗೆ ಕೊಟ್ಟುಬಿಟ್ಟರು. ಅವನು ನನ್ನನ್ನು ಗೂಡಂಗಡಿಗೆ ಸೂರಾಗಿ ಕಟ್ಟಿದ. ಅಕ್ಷರಗಳು ಗಿರಾಕಿಗಳ ತಲೆಯ ಮೇಲೆ ಬಂದವು.

ಒಂದು ದಿನ ಒಂಬತ್ತನೇ ತರಗತಿಯ ಅವನ ಮಗಳು ತಬಸ್ಸುಮ್ ನನ್ನನ್ನು ಓದಿ ಕೇಳಿದಳು. “ಅಬ್ಬಾ, ಇಷ್ಟು ಕೆಟ್ಟದ್ದಂದ್ರ ಮಂದಿ ಯಾಕ ತಗೋತಾರ?”

ಮಾಬುಸಾಬ ಚಹಾ ಸೋಸುತ್ತಲೇ ಹೇಳಿದ. “ಹುಡುಗ ಇದ್ದಾಗ ನಾನೂ ಗಾಂಜಾ ಸೇದೀನಿ. ಗೆಳೆಯಾರು ಬಿಟ್ಟು ಹೋಗ್ತಾರಂತ ಹೆದರಿಕಿ. ನಿನಗ ಯಾರರ ಏನರ ಕೊಟ್ರ ಮೊದಲ ನನಗ ಹೇಳು.”

“ನೀ ಬೈತಿ.”

“ಬೈತೀನಿ. ಬೈದು, ಆಮ್ಯಾಲೆ ನೀ ಹೇಳಿದ್ದು ಪೂರಾ ಕೇಳ್ತೀನಿ.”

ಹುಡುಗಿ ಮತ್ತೊಮ್ಮೆ ನನ್ನ ಸಾಲನ್ನು ನಿಧಾನವಾಗಿ ಓದಿಕೊಂಡಳು. ಬೆಂಚಿನ ತುದಿಯಲ್ಲಿ ಕುಳಿತಿದ್ದ ಚನ್ನವೀರಪ್ಪನವರ ಕೈಯಲ್ಲಿ ಚಹಾ ಆರಿ ತಣ್ಣಗಾಯಿತು.

ಮರುದಿನ ಅವರು ಮಗನನ್ನು ಕರೆದುಕೊಂಡು ಬಂದರು. ಈರೇಶ ಸೊರಗಿದ್ದ. ಔಷಧಿಯ ಮಂಪರು ಇನ್ನೂ ಇಳಿದಿರಲಿಲ್ಲ. ಎರಡು ಚಹಾ ಬಂದವು. ಒಂದನ್ನು ಮಗನ ಕಡೆಗೆ ಸರಿಸಿ ತಂದೆ ಕೇಳಿದರು. “ಅವತ್ತ ಮಾಳಿಗಿ ಮ್ಯಾಲ ಏನೋ ಹೇಳಾಕ ಬಂದಿದ್ದೆಲ್ಲ... ಏನದು?”

ಈರೇಶ ಹುಬ್ಬು ಗಂಟಿಕ್ಕಿ ಯೋಚಿಸಿದ. ತುಂಬಾ ಯೋಚಿಸಿದ.

“ನೆನಪಾಗವಲ್ದು, ಅಪ್ಪಾ.”

ಅವನು ಮುಚ್ಚಿಡುತ್ತಿರಲಿಲ್ಲ. ಅವನು ನನ್ನ ಅಂಚಿನಲ್ಲಿ ಕುಳಿತು ಪಿಸುಗುಟ್ಟಿದ್ದು ನನಗೆ ಇವತ್ತಿಗೂ ಬಾಯಿಪಾಠ. ಆದರೆ ನನ್ನಿಂದ ಆಗುವುದು ಅಚ್ಚು ಹಾಕಿದ ಸಾಲನ್ನು ತೋರಿಸುವುದಷ್ಟೆ, ಅದೂ ಈಗ ಅರ್ಧ ಅಳಿಸಿದೆ.

“ನೆನಪಾದಾಗ ಹೇಳು” ಎಂದರು ಚನ್ನವೀರಪ್ಪನವರು.

ಈಗ ಇಬ್ಬರೂ ದಿನಾ ಬರುತ್ತಾರೆ. ನನ್ನ ಕೆಳಗೆ ಕುಳಿತು ಚಹಾ ಕುಡಿಯುತ್ತಾರೆ. ಇನ್ನೂ ನೆನಪಾಗಿಲ್ಲ.