ಮೂರನೆಯ ಬಕೆಟ್

ಒದ್ದೆ ಉಣ್ಣೆಯ ವಾಸನೆ ಎಂದರೆ ನನಗೆ ಇವತ್ತಿಗೂ ಎರಡನೆಯ ತರಗತಿ. ವಿನ್ನಿಪೆಗ್‌ನ ಉತ್ತರದ ಬೀದಿಯ ಆ ಶಾಲೆಯಲ್ಲಿ ಬೆಯ್ಲಾ ಎಂಬ ಹುಡುಗಿ ಎಲ್ಲರ ಕೈಗವಸುಗಳನ್ನೂ ಹೀಟರಿನ ಮೇಲೆ ಒಣಹಾಕುತ್ತಿದ್ದಳು. ತನ್ನವನ್ನು ಕೊನೆಗೆ, ಜಾಗ ಉಳಿದರೆ. ಮುಂದೆ ಅದೇ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿದಳು. ಬಿಡುವಿನಲ್ಲಿ ಇನ್ನೊಂದು ಕೆಲಸ: ನಮ್ಮ ಯೆಹೂದಿ ಹೆಂಗಸರು ತೀರಿಕೊಂಡಾಗ ಅವರಿಗೆ ಕೊನೆಯ ಸ್ನಾನ ಮಾಡಿಸುವುದು. ಅದಕ್ಕೆ ಸಂಬಳವಿಲ್ಲ, ತೀರಿಕೊಂಡವರು ಬಾಯಿಬಿಟ್ಟು ಉಪಕಾರ ಎನ್ನುವಂತೆಯೂ ಇಲ್ಲ. ನನಗೂ ಗೆಳತಿ ಗಿಟೆಲ್‌ಗೂ ಅದನ್ನು ಕಲಿಸಿದವಳು ಅವಳೇ.

ಆ ಫೆಬ್ರವರಿಯ ಶುಕ್ರವಾರ ಸ್ನಾನದ ಕೋಣೆಯ ಮೇಜಿನ ಮೇಲೆ ಮಲಗಿದ್ದವಳು ಬೆಯ್ಲಾ.

ಸೂರ್ಯ ಮುಳುಗಿದರೆ ಸಬ್ಬತ್, ಶನಿವಾರ ಸಂಜೆಯ ತನಕ ಯಾವ ಕೆಲಸವೂ ಕೂಡದು; ಅಷ್ಟರೊಳಗೆ ಮಣ್ಣಾಗಬೇಕು. ಒಂದು ಗಂಟೆಗೆ ಶವಪೆಟ್ಟಿಗೆ ಹೊರಡದಿದ್ದರೆ ಇನ್ನು ಭಾನುವಾರವೇ ಎಂದು ಸ್ಮಶಾನದವರು ಹೇಳಿಬಿಟ್ಟಿದ್ದರು. ಹೋದವರನ್ನು ಕಾಯಿಸಬಾರದು ಎಂದು ನಮ್ಮನ್ನೆಲ್ಲ ಅವಸರ ಮಾಡುತ್ತಿದ್ದವಳು ಈಗ ತಾನೇ ಕಾಯುವಂತಾಗಿತ್ತು. ನಮ್ಮ ಜೊತೆಯ ಇನ್ನಿಬ್ಬರು ಹಿಮದ ಬಿರುಗಾಳಿಯಿಂದಾಗಿ ಮನೆಯಲ್ಲೇ ಉಳಿದಿದ್ದರು.

ಮೈ ತೊಳೆದಾಗಿತ್ತು. ಉಳಿದದ್ದು ಮೂರು ಬಕೆಟ್ ನೀರು. ಒಂದರ ಧಾರೆ ಮುಗಿಯುವ ಮೊದಲೇ ಇನ್ನೊಂದು ಬೀಳಬೇಕು. ನಡುವೆ ಕಡಿದರೆ ಮತ್ತೆ ಮೊದಲಿಂದ.

ಗಿಟೆಲ್ ಮೊದಲನೆಯದನ್ನು ಸುರಿದಳು, ನಾನು ಎರಡನೆಯದನ್ನು. ಮೂರನೆಯದಕ್ಕೆ ಬಗ್ಗಿದ ಗಿಟೆಲ್ ಭುಜ ಹಿಡಿದುಕೊಂಡು ಅಲ್ಲೇ ನಿಂತಳು. ನನ್ನ ಬಕೆಟ್ ಬರಿದಾಯಿತು.

"ಕಡೀತು," ಅಂದಳು.

"ಇನ್ನೊಂದ್ಸಲ ನೋಡೋಣ ಕಣೇ."

"ಏನು ನೋಡೋದು? ನಮ್ಮಿಬ್ಬರ ವಯಸ್ಸು ಸೇರಿಸಿದ್ರೆ ನೂರೈವತ್ತೆಂಟು. ಕೈ ಈಗ ಮೂರೇ, ನನ್ನದೊಂದು ಹೋಯ್ತಲ್ಲ."

ಬಾಗಿಲು ಬಡಿದ ಸದ್ದು. ಬೆಯ್ಲಾಳ ಮೊಮ್ಮಗಳು ತಮಾರ್. "ಹಿಂಡಾ ಅಜ್ಜಿ, ನಾನು ಬರ್ತೀನಿ. ನಂಗೆ ಶಕ್ತಿ ಇದೆ."

"ಬೇಡ ಮಗಳೇ, ಮನೆಯವರು ಒಳಗೆ ಬರಬಾರದು," ಎಂದೆ.

"ಹಾಗಾದ್ರೆ ಅಜ್ಜೀನ ಭಾನುವಾರದ ತನಕ ಇಲ್ಲೇ ಬಿಡ್ತೀರಾ?"

"ಈ ಕಟ್ಟುಪಾಡು ನಮಗೆ ಹೇಳ್ಕೊಟ್ಟೋಳೇ ನಿಮ್ಮಜ್ಜಿ," ಎಂದು ಗಿಟೆಲ್ ರೇಗಿದಳು. ಆಮೇಲೆ ಬಾಗಿಲಿಗೆ ಹಣೆ ಆನಿಸಿ ಮೆಲ್ಲಗೆ, "ಬೇರೆ ಯಾರಾದ್ರೂ ಹೊಳೀತಾರಾ, ಯೋಚನೆ ಮಾಡಮ್ಮ," ಅಂದಳು.

ಹನ್ನೆರಡು ಹೊಡೆಯಿತು. ತಮಾರ್‌ಗೆ ಹೊಳೆದದ್ದು ಪೆರ್ಲ್. ನಮ್ಮವಳೇ, ಸಿಟಿ ಬಸ್ ಓಡಿಸುವವಳು. ಬೆಯ್ಲಾ ಅವಳನ್ನು ಒಂದು ವರ್ಷ ಅದೇ ತರಗತಿಯಲ್ಲಿ ಉಳಿಸಿಕೊಂಡು, ಆ ವರ್ಷವಿಡೀ ಸಂಜೆ ಅಡಿಗೆಮನೆಯಲ್ಲಿ ಕೂರಿಸಿಕೊಂಡು ಓದು ಕಲಿಸಿದ್ದಳು.

ತಮಾರ್ ಫೋನ್ ಮಾಡಿದ್ದಕ್ಕೆ ಊಟದ ಬಿಡುವಿನಲ್ಲಿ, ಸಮವಸ್ತ್ರದಲ್ಲೇ ಬಂದ ಪೆರ್ಲ್ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ನಂಗಾಗಲ್ಲ ಹಿಂಡಾ ಆಂಟಿ. ನಮ್ಮಮ್ಮ ಹೋದಾಗ್ಲೂ ನಾನು ಮುಖ ನೋಡ್ಲಿಲ್ಲ."

"ಬಕೆಟ್ ನೋಡು, ಸಾಕು," ಅಂದಳು ಗಿಟೆಲ್.

"ನನ್ನ ಫೇಲ್ ಮಾಡಿದ್ರು ಟೀಚರ್. ಎಷ್ಟು ಬೈಕೊಂಡಿದ್ದೆ ಗೊತ್ತಾ?"

"ಬೈಕೊಂಡೇ ಎತ್ತು. ಟೈಮಿಲ್ಲ."

ಪೆರ್ಲ್ ಕೋಟು ಬಿಚ್ಚಿದಳು. ನಾನು ಅವಳ ಬೆನ್ನಿಗೆ ಏಪ್ರನ್ ಕಟ್ಟಿದೆ. ಅವಳು ಖಾಲಿ ಬಕೆಟ್‌ಗಳನ್ನು ಮತ್ತೆ ತುಂಬಿದಳು.

ನೀರು ಬೀಳುವಾಗ ಮಾತಾಡಬಾರದು. ಗಿಟೆಲ್ ಒಂದೇ ತೋಳಿನ ಬಲದಲ್ಲಿ ಬಕೆಟ್ಟನ್ನು ಸೊಂಟಕ್ಕಾನಿಸಿ ಸುರಿದಳು. ಅದರ ಮೇಲೆ ನನ್ನದು ಸೇರಿತು. ನನ್ನ ಧಾರೆ ಬೆರಳಿನಷ್ಟಾಯಿತು. ಪೆರ್ಲ್ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಧಾರೆ ದಾರದಷ್ಟಾಯಿತು. ಕೂಗುವಂತಿಲ್ಲ. ನನ್ನ ಮೊಣಕೈಯಿಂದ ಅವಳನ್ನು ತಟ್ಟಿದೆ. ಕಣ್ಣು ತೆರೆದಳು, ಬಕೆಟ್ಟನ್ನಲ್ಲ, ತನ್ನ ಟೀಚರ್ ಮುಖವನ್ನೇ ನೋಡಿದಳು. ಅವಳ ನೀರು ನನ್ನ ನೀರಿನ ಮೇಲೆ ಬಿತ್ತು, ಕಡಿಯಲಿಲ್ಲ.

"ಶುದ್ಧಳು, ಶುದ್ಧಳು, ಶುದ್ಧಳು," ಎಂದೆವು ನಾವಿಬ್ಬರು. ಪೆರ್ಲ್ ಒಂದು ಉಸಿರು ಹಿಂದೆ ಬಂದು, ಪ್ರತಿ ಪದವನ್ನೂ ಬಿಡಿಸಿ ಓದುವವಳಂತೆ ಹೇಳಿದಳು.

ಒರೆಸಿ, ಬಿಳಿ ನಾರುಬಟ್ಟೆ ತೊಡಿಸಿದೆವು. ಸೊಂಟದ ಗಂಟಿಗೆ ನನ್ನ ಬೆರಳು ಬಗ್ಗದಾಗ ಪೆರ್ಲ್ ನಾನು ಕೇಳದೆಯೇ ಕೈಜೋಡಿಸಿದಳು. ಕೊನೆಗೆ ಹೆಸರು ಹಿಡಿದು ಕ್ಷಮೆ ಕೇಳಬೇಕು. "ಬೆಯ್ಲಾ, ಮೆಂಡೆಲನ ಮಗಳೇ, ನಮ್ಮಿಂದ ತಪ್ಪಾಗಿದ್ದರೆ ಕ್ಷಮಿಸು," ಎಂದೆ.

"ನನ್ನನ್ನೂ, ಟೀಚರ್," ಅಂದಳು ಪೆರ್ಲ್.

ಒಂದಕ್ಕೆ ಎರಡು ನಿಮಿಷವಿರುವಾಗ ಪೆಟ್ಟಿಗೆ ಹೊರಬಂತು. ಪೆರ್ಲ್ ಗಡಿಯಾರ ನೋಡಿ, ಯಾರಿಗೂ ಹೇಳದೆ, ಹಿಮ ತುಳಿಯುತ್ತ ತಿರುವಿನಲ್ಲಿ ನಿಂತಿದ್ದ ತನ್ನ ಬಸ್ಸಿಗೆ ನಡೆದಳು. ಊಟವಿಲ್ಲದೆಯೇ ಬಿಡುವು ಮುಗಿದಿತ್ತು.

ಕಾರು ಹತ್ತಲಿದ್ದ ತಮಾರ್ ಇಳಿದು ಓಡಿದಳು. ಬಸ್ಸಿನ ಬಾಗಿಲು ತಟ್ಟಿ, ಬೇಯಿಸಿದ ಮೊಟ್ಟೆ, ಬ್ರೆಡ್ಡು ಕಟ್ಟಿದ್ದ ತನ್ನ ಡಬ್ಬಿಯನ್ನು ಪೆರ್ಲ್‌ಳ ತೊಡೆಯ ಮೇಲಿಟ್ಟು ಹಿಂದಿರುಗಿದಳು.